‘ಡ’ ಎಂದು ಬರೆದಿದ್ದ ಗಂಟು

ಮೂವತ್ತೊಂದು ವರ್ಷ ಮುಂಬಯಿಯ ಒಂದು ಸರ್ಕಾರಿ ಕಚೇರಿಯ ದಫ್ತರದಲ್ಲಿ, ಅಂದರೆ ಹಳೆಯ ದಾಖಲೆ ಇಡುವ ವಿಭಾಗದಲ್ಲಿ, ದುಡಿದು 2024ರಲ್ಲಿ ನಿವೃತ್ತಳಾದೆ. ಹುಟ್ಟಿದ್ದು ಧಾರವಾಡ, ಮದುವೆಯಾಗಿ ಬಂದಿದ್ದು ಡೊಂಬಿವಲಿಗೆ. ಹೋದ ಡಿಸೆಂಬರಿನಲ್ಲಿ ನನ್ನ ಹಳೆಯ ಸಾಹೇಬರೊಬ್ಬರು ಫೋನ್ ಮಾಡಿದರು. ದಾಖಲೆಗಳನ್ನು ಎಷ್ಟು ವರ್ಷ ಇಡಬೇಕು, ಯಾವಾಗ ನಾಶ ಮಾಡಬಹುದು ಎನ್ನುವ ವಿಷಯದಲ್ಲಿ ಎರಡು ಮೂರು ವರ್ಷಗಳಿಂದ ಬಹಳ ಬದಲಾವಣೆಯಾಗಿದೆ, ಕಚೇರಿಗಳಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಂಡಿದ್ದಾರೆ, ಹನ್ನೊಂದು ಕಚೇರಿಗಳ ಕಾರಕೂನರಿಗೆ, ದಾಖಲೆಗಳ ಹೊಣೆ ಹೊತ್ತ ಅಭಿಲೇಖ ಅಧಿಕಾರಿಗಳಿಗೆ ಮೂರು ದಿನದ ತರಬೇತಿ ಕೊಡಬೇಕು, ಬರ್ತೀರಾ ಅಂತ ಕೇಳಿದರು. ಮರುಮಾತಾಡದೆ ಒಪ್ಪಿದೆ. ಈ ಕೆಲಸದ ಮೇಲೆ ನನಗೆ ಪ್ರೀತಿ ಇದೆ.

ಮೊದಲ ದಿನ ನಾನು ಮಾಡಿದ್ದು ತಪ್ಪು. ಕಾಯ್ದೆಯಿಂದ ಶುರು ಮಾಡಿದೆ.

ಮೂವತ್ತೆಂಟು ಜನ ಕೂತಿದ್ದರು. ಪರದೆಯ ಮೇಲೆ ಒಂದಾದ ಮೇಲೊಂದು ಕಲಂ ತೋರಿಸುತ್ತ ಹೋದೆ. ಕೇಂದ್ರದ ಸಾರ್ವಜನಿಕ ದಾಖಲೆಗಳ ಕಾಯ್ದೆ 1993ರದು, ಜಾರಿಗೆ ಬಂದಿದ್ದು 1995ರ ಮಾರ್ಚ್ 1ರಂದು. ಮಹಾರಾಷ್ಟ್ರ 2005ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಕ್ರಮ ಬಿಟ್ಟು ದಾಖಲೆ ನಾಶ ಮಾಡಿದರೆ 5 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರತಿ ಕಚೇರಿಗೂ ಒಬ್ಬ ಅಭಿಲೇಖ ಅಧಿಕಾರಿ ಇರಲೇಬೇಕು. ಜೈಲಿನ ಮಾತು ಬಂದಾಗ ಮಾತ್ರ ನಾಲ್ಕಾರು ಜನ ತಲೆ ಎತ್ತಿದರು, ಮತ್ತೆ ತಗ್ಗಿಸಿದರು. ಅವರನ್ನು ದೂರಲಾರೆ. ಆ ಸಭಾಂಗಣದಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನರಿಗೆ ದಫ್ತರದ ಕೆಲಸ ಎಂದರೆ ಬೇರೆ ನಾಲ್ಕು ಟೇಬಲ್ಲಿನ ಕೆಲಸದ ಮೇಲೆ ಹೊರಿಸಿದ ಐದನೆಯ ಹೊರೆ.

ಊಟಕ್ಕೆ ಹತ್ತು ನಿಮಿಷ ಇರುವಾಗ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕೆಲಸಕ್ಕೆ ಸೇರಿ ಆರೇಳು ವರ್ಷ ಆಗಿರಬೇಕು. ‘ಮೇಡಂ, ಹೊಸ ಡೇಟಾ ಕಾಯ್ದೆ ಬಂದಿದೆಯಲ್ಲ, ಜನರ ಹೆಸರು ವಿಳಾಸ ಇರುವುದನ್ನೆಲ್ಲ ಅಳಿಸಬೇಕಂತೆ. ನಾವು ಯಾದಿ ಮಾಡಿ ಸಹಿಗೆ ಇಟ್ಟಿದ್ದೇವೆ’ ಎಂದಳು. ಯಾದಿಯಲ್ಲಿ ಏನೇನಿದೆ ಎಂದು ಕೇಳಿದೆ. ಅರ್ಜಿಗಳ ರಜಿಸ್ಟರು, ಹಾಜರಿ ಪುಸ್ತಕ, ಹಳೆಯ ಫಲಾನುಭವಿಗಳ ಪಟ್ಟಿ, ಬಂದ-ಹೋದ ಪತ್ರ ಬರೆಯುವ ಆವಕ-ಜಾವಕ. ಮೈ ಜುಮ್ಮೆಂದಿತು. ಹೆಸರು ವಿಳಾಸ ಇಲ್ಲದ ಸರ್ಕಾರಿ ಕಾಗದ ಎಲ್ಲಿದೆ? ಆ ಲೆಕ್ಕದಲ್ಲಿ ಇಡೀ ದಫ್ತರವನ್ನೇ ಸುಡಬೇಕಾಗುತ್ತದೆ.

ಸ್ಲೈಡುಗಳನ್ನು ಅಲ್ಲಿಗೇ ನಿಲ್ಲಿಸಿ ಬೋರ್ಡಿನ ಮೇಲೆ ಮೂರು ಶಬ್ದ ಬರೆದೆ: ಇಡುವುದು, ಕೊಡುವುದು, ಅಳಿಸುವುದು. ಮೂರಕ್ಕೂ ಬೇರೆ ಬೇರೆ ಕಾಯ್ದೆ. ಇಡುವುದಕ್ಕೆ ದಾಖಲೆಗಳ ಕಾಯ್ದೆ. ಕೊಡುವುದಕ್ಕೆ 2005ರ ಮಾಹಿತಿ ಹಕ್ಕು. ಅಳಿಸುವ ಮಾತು ಬರುವುದು ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆಯಲ್ಲಿ. ಅದು 2023ರದು, ಅದರ ನಿಯಮಗಳು ಬಂದಿದ್ದು 2025ರ ನವೆಂಬರಿನಲ್ಲಿ. ಅದರಿಂದ ಕೂಡಲೇ ಬದಲಾದದ್ದು ಕೊಡುವ ಕಡೆಯ ನಿಯಮ. ಮಾಹಿತಿ ಹಕ್ಕಿನ 8(1)(ಜೆ) ಕಲಂ ಚಿಕ್ಕದಾಗಿ, ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ದಾರಿ ದೊಡ್ಡದಾಯಿತು. ಹಾಗಿದ್ದೂ ಸಾರ್ವಜನಿಕ ಹಿತ ದೊಡ್ಡದೆಂದು ಕಂಡರೆ ಕೊಡಬಹುದು ಎನ್ನುವ 8(2) ಉಳಿದಿದೆ. ಅಳಿಸಬೇಕು ಎನ್ನುವ ಭಾಗ ಜಾರಿಗೆ ಬರುವುದು ನಿಯಮ ಬಂದ 18 ತಿಂಗಳ ಮೇಲೆ. ಬಂದ ಮೇಲೂ ಸರ್ಕಾರಿ ಕಚೇರಿಗಳ ಕೆಲಸಕ್ಕೆ ಅದು ತಗಲುವುದಿಲ್ಲ ಎಂದು 17ನೇ ಕಲಮಿನಲ್ಲೇ ಬರೆದಿದೆ. ಮೇಲಾಗಿ ಆ ಕಾಯ್ದೆ ಡಿಜಿಟಲ್ ರೂಪದಲ್ಲಿರುವ ಅಥವಾ ಆ ರೂಪಕ್ಕೆ ತಂದ ಮಾಹಿತಿಗೆ ಸಂಬಂಧಿಸಿದ್ದು. ಕಪಾಟಿನಲ್ಲಿ ಕೂತ ರಜಿಸ್ಟರಿನ ಗೊಡವೆಗೆ ಅದು ಬರುವುದೇ ಇಲ್ಲ.

ಹುಡುಗಿ ಅಲ್ಲಿಂದಲೇ ಕಚೇರಿಗೆ ಫೋನ್ ಹಚ್ಚಿ, ಸಹಿಗೆ ಇಟ್ಟ ಯಾದಿಯನ್ನು ವಾಪಸ್ ತೆಗೆದಿಡಿ ಎಂದಳು. ಆ ದಿನ ನಾನು ಹೇಳಿದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಮಧ್ಯಾಹ್ನದ ಮೇಲೆ ಇನ್ನೊಂದು ನಡೆಯಿತು. ಒಬ್ಬ ಅಧಿಕಾರಿ ತಮ್ಮ ಕಚೇರಿಯ ಹಳೆಯ ಕಡತಗಳನ್ನು 2009ರಲ್ಲೇ ಸ್ಕ್ಯಾನ್ ಮಾಡಿ ಸಿಡಿಗೆ ಹಾಕಿಸಿದ್ದೇವೆ, ಮೂಲ ಪ್ರತಿಗಳನ್ನು ಈಗ ನಾಶ ಮಾಡಬಹುದಲ್ಲ ಎಂದರು. ಸಿಡಿಯನ್ನೂ ಜೊತೆಗೆ ತಂದಿದ್ದರು. ಹಾಕಿ ನೋಡೋಣ ಎಂದೆ. ಆ ಕಟ್ಟಡದಲ್ಲಿದ್ದ ಯಾವ ಕಂಪ್ಯೂಟರಿಗೂ ಸಿಡಿ ಹಾಕುವ ಡ್ರೈವ್ ಇರಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಂ ಎಲೆಕ್ಟ್ರಾನಿಕ್ ರೂಪದಲ್ಲಿ ದಾಖಲೆ ಇಡಲು ಒಪ್ಪುತ್ತದೆ. ಆದರೆ ಮುಂದೆ ಬೇಕಾದಾಗ ತೆಗೆದು ನೋಡುವಂತಿರಬೇಕು, ಎಲ್ಲಿಂದ ಬಂತು, ಯಾವಾಗ ಬಂತು ಎನ್ನುವ ವಿವರ ಜೊತೆಗಿರಬೇಕು ಎನ್ನುತ್ತದೆ. ಹೊಸ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಬಂದ ಮೇಲೆ, ಕೋರ್ಟಿಗೆ ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸಲು 63ನೇ ಕಲಮಿನ ಪ್ರಮಾಣಪತ್ರದಲ್ಲಿ, ಕಡತ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಸ್ಕ್ಯಾನ್ ಮಾಡಿದ ಮಾತ್ರಕ್ಕೆ, ಎಷ್ಟು ವರ್ಷ ಇಡಬೇಕು ಎಂದು ಹೇಳುವ ಕಾಗದದ ವರ್ಗ ಬದಲಾಗುವುದಿಲ್ಲ ಎಂದು ಹೇಳಿ ಅವರ ಸಿಡಿಯನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡುತ್ತ ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ರಾತ್ರಿ ಲೋಕಲಿನಲ್ಲಿ ಬರುವಾಗ ತೀರ್ಮಾನಕ್ಕೆ ಬಂದೆ. ಮರುದಿನ ಸಭಾಂಗಣ ಬೇಡ, ದಫ್ತರದೊಳಗೇ ಪಾಠ.

ಅನುಮತಿ ಸಿಕ್ಕಿದ್ದು ತರಬೇತಿಗೆ ಬಂದಿದ್ದ ಒಂದು ಕಚೇರಿಯ ತಳಮಹಡಿಯ ಅಭಿಲೇಖ ಕಕ್ಷೆಗೆ, ಅಂದರೆ ದಾಖಲೆ ಕೋಣೆಗೆ. ಕಬ್ಬಿಣದ ಆ್ಯಂಗಲ್ ಕಪಾಟುಗಳು, ಮೇಲಿನ ತೊಲೆಗೆ ತಾಗುವಷ್ಟು ಎತ್ತರಕ್ಕೆ ಕೆಂಪು ಬಟ್ಟೆಯ ಗಂಟುಗಳು, ಡಾಂಬರು ಗುಳಿಗೆಯ ವಾಸನೆ, ಮಳೆಗಾಲದಲ್ಲಿ ಗೋಡೆ ಎಲ್ಲಿವರೆಗೆ ನೀರು ಕುಡಿದಿದೆ ಎಂದು ತೋರಿಸುವ ಗೆರೆ. ಅಲ್ಲಿಯ ಹಮಾಲ ಮಾಮಾ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವರು. ಕಚೇರಿಯಲ್ಲಿ ಎಲ್ಲರಿಗೂ ಅವರು ಬರೀ ಮಾಮಾ. ನಾನು ಮರಾಠಿಯಲ್ಲಿ ಮಾತಾಡುತ್ತಿದ್ದುದನ್ನು ಎರಡು ನಿಮಿಷ ಕೇಳಿ, ಹತ್ತಿರ ಬಂದು, ‘ಅಕ್ಕಾರ, ನೀವು ನಮ್ಮ ಕಡೇವ್ರ ಏನ್ರೀ?’ ಅಂದರು. ಮಾತಿನ ಎಳೆತದಲ್ಲೇ ಗುರುತು ಹಿಡಿದಿದ್ದರು.

ಇಲ್ಲೊಂದು ಮಾತು ಹೇಳಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ 1956ರವರೆಗೆ ಇದೇ ಮುಂಬಯಿ ಸರ್ಕಾರದ ಕೈಕೆಳಗಿದ್ದವು. ಹಾಗಾಗಿ ದಫ್ತರದ ಶಬ್ದಗಳಿಗೆ ನಾನಿಲ್ಲಿ ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ಆವಕ-ಜಾವಕ, ರುಮಾಲು, ಕಾರಕೂನ, ಫೇರಿಸ್ತು, ಯಾದಿ ಎಲ್ಲವೂ ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಆಡುತ್ತಿದ್ದ ಮಾತುಗಳೇ. ನಮ್ಮ ‘ಷರಾ’ ಇವರ ‘ಶೇರಾ’. ನಮ್ಮ ಭಾಗದ ಹಳೆಯ ಕಾಗದಪತ್ರ ಹುಡುಕುವವರು ಈಗಲೂ ಎಷ್ಟೋ ಸಲ ಕಾಳಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಪುರಾಭಿಲೇಖಾಗಾರಕ್ಕೇ, ಅಂದರೆ ಹಳೆಯ ದಾಖಲೆಗಳ ಭಂಡಾರಕ್ಕೇ, ಬರಬೇಕು.

ಮೂವತ್ತೆಂಟು ಜನರನ್ನು ಆರು ಗುಂಪು ಮಾಡಿ ಕಪಾಟುಗಳನ್ನು ಹಂಚಿಕೊಟ್ಟೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಆರು ಗಂಟಿನ ಪದ್ಧತಿ ಇದೆ. ನಡೆಯುತ್ತಿರುವ ಪ್ರಕರಣ ಒಂದು ಗಂಟು, ಉತ್ತರಕ್ಕೆ ಕಾಯುತ್ತಿರುವುದು ಒಂದು, ನಿಯತಕಾಲಿಕ ವರದಿಗಳದ್ದೊಂದು, ಸ್ಥಾಯಿ ಆದೇಶಗಳದ್ದೊಂದು, ಅಭಿಲೇಖ ಕಕ್ಷೆಗೆ ಕಳಿಸುವುದು ಐದನೆಯದು, ನಾಶ ಮಾಡುವುದು ಆರನೆಯದು. 1980ರ ದಶಕದಲ್ಲಿ ಅನಿಲಕುಮಾರ ಲಖೀನಾ ಅಹಮದನಗರದ ಜಿಲ್ಲಾಧಿಕಾರಿಯಾಗಿದ್ದಾಗ ಕಚೇರಿಯ ಕಾಗದಗಳಿಗೆ ತಂದ ಶಿಸ್ತನ್ನು ಇವತ್ತಿಗೂ ‘ಲಖೀನಾ ಪ್ಯಾಟರ್ನ್’ ಅಂತಲೇ ಕರೆಯುತ್ತಾರೆ. ಎಷ್ಟು ವರ್ಷ ಇಡಬೇಕು ಎನ್ನುವುದಕ್ಕೂ ವರ್ಗಗಳಿವೆ: ಕಾಯಂ ಇಡುವುದಕ್ಕೆ ‘ಅ’, 30 ವರ್ಷಕ್ಕೆ ‘ಬ’, 10 ವರ್ಷಕ್ಕೆ ‘ಕ’, 5 ವರ್ಷಕ್ಕೆ ‘ಕ-1’, ಒಂದೇ ವರ್ಷ ಇಟ್ಟು ನಾಶ ಮಾಡುವುದಕ್ಕೆ ‘ಡ’. ಗುಂಪುಗಳಿಗೆ ನಾನು ಕೊಟ್ಟ ಕೆಲಸ ಇಷ್ಟೇ: ಗಂಟಿನ ಮೇಲಿನ ಚೀಟಿ ನಂಬಬೇಡಿ, ಬಿಚ್ಚಿ, ಒಳಗೆ ಏನಿದೆ ಓದಿ, ಆಮೇಲೆ ವರ್ಗ ಹೇಳಿ.

ಹಿಂದಿನ ದಿನ ಸಪ್ಪಗಿದ್ದವರು ಇಲ್ಲಿ ಬೇರೆಯೇ ಜನರಾದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ವಾದಕ್ಕಿಳಿದರು. ಸೇವಾ ಪುಸ್ತಕ ‘ಅ’ಕ್ಕೋ ‘ಬ’ಕ್ಕೋ? ನಿವೃತ್ತ ನೌಕರ ಸತ್ತ ಮೇಲೆ ಕುಟುಂಬ ಪಿಂಚಣಿ ಎಷ್ಟು ವರ್ಷ ನಡೆಯಬಹುದು? 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿಗಾಗಿ ರಾಜ್ಯದ ದಫ್ತರಗಳಲ್ಲೆಲ್ಲ ಮರಾಠರ ಹಳೆಯ ಕುಣಬಿ ಜಾತಿ ನೋಂದಣಿ ಹುಡುಕಿದಾಗ, ಇವರಲ್ಲಿ ಹಲವರು ಹಗಲು ರಾತ್ರಿ ಇಂಥ ಗಂಟುಗಳ ನಡುವೆ ಕೂತವರೇ. ಮರಾಠಿಯ ಹಳೆಯ ಮೋಡಿ ಲಿಪಿ ಓದಬಲ್ಲವರನ್ನು ಆಗ ಎಲ್ಲೆಲ್ಲಿಂದ ಕರೆಸಿದೆವು ಎಂದು ಒಬ್ಬರು ಹೇಳುತ್ತಿದ್ದರು.

ಹನ್ನೆರಡರ ಸುಮಾರಿಗೆ ಮಾಮಾ ನನ್ನನ್ನು ಬಾಗಿಲ ಹತ್ತಿರ ಕರೆದರು. ಚೂರು ಮಾಡುವ ಗಾಡಿಗೆ ಹಾಕಲು ಒಂದು ಬದಿಗೆ ಪೇರಿಸಿಟ್ಟ ಗಂಟುಗಳು ಅಲ್ಲಿದ್ದವು. ಕಚೇರಿಯ ಸ್ವಚ್ಛತಾ ಮೋಹಿಮೆ (ಅಭಿಯಾನ) ಆ ವಾರ ಮುಗಿಯಬೇಕಿತ್ತು. ‘ಅಕ್ಕಾರ, ಇದೊಂದ ನೋಡ್ರಿ. ಅಕ್ಷರ ನಮ್ಮವ ಅದಾವ. ಸಾಹೇಬ್ರಿಗೆ ಹೇಳೋಕ ನಾ ಯಾರ್ರೀ.’

ಗಂಟಿನ ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯಲ್ಲಿ ಬರೆದಿತ್ತು: ಪರಭಾಷೆಯ ಹಳೇ ರಜಿಸ್ಟರು, ಡ.

ಬಿಚ್ಚಿದೆ. ನಾಲ್ಕು ರಜಿಸ್ಟರುಗಳು. ಅಡಿಯ ಎರಡನ್ನು ಗೆದ್ದಲು ತಿಂದು ಒಂದಕ್ಕೊಂದು ಅಂಟಿಕೊಂಡಿದ್ದವು, ಮುಟ್ಟಿದರೆ ಪುಡಿ. ಮೇಲಿನ ಎರಡು ಗಟ್ಟಿಮುಟ್ಟಾಗಿದ್ದವು. ಕಾಲಿಕೋ ಬೈಂಡು, ಅಂಚಿಗೆ ಚರ್ಮದ ಪಟ್ಟಿ, ಒಳಗೆ ದುಂಡನೆಯ ಕನ್ನಡ ಅಕ್ಷರ. ಎಂದೋ ಮುಚ್ಚಿಹೋದ ಒಂದು ಕನ್ನಡ ರಾತ್ರಿಶಾಲೆಯ ಜನರಲ್ ರಜಿಸ್ಟರು, 1963ರ ಜೂನಿನಿಂದ ಶುರು. ಅನುಕ್ರಮ ನಂಬರು, ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ಊರು, ಜನ್ಮ ತಾರೀಖು ಅಂಕಿಯಲ್ಲೂ ಅಕ್ಷರದಲ್ಲೂ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಷರಾ.

ಊರುಗಳ ಸಾಲನ್ನು ಓದುತ್ತ ಹೋದೆ. ಕುಂದಾಪುರ, ಬೈಂದೂರು, ಹೆಬ್ರಿ, ಕಾರ್ಕಳ, ಮೂಲ್ಕಿ. ಮಧ್ಯೆ ಮಧ್ಯೆ ಒಂದೊಂದು ಹೊನ್ನಾವರ, ಅಂಕೋಲೆ. ಎಲ್ಲ ಹನ್ನೆರಡು ಹದಿಮೂರು ವರ್ಷದ ಹುಡುಗರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕಲಿಯಲು ಬಂದವರು. ಜನ್ಮ ತಾರೀಖು ಬಹಳಷ್ಟು ಮಂದಿಯದು ಜೂನ್ 1. ಬಿಟ್ಟ ಕಾರಣದ ಕಾಲಮ್ಮಿನಲ್ಲಿ ಹೀಗೆಲ್ಲ ಇತ್ತು: ‘ಪಾಳಿ ಬದಲು’. ‘ಧಣಿ ಬಿಡುವುದಿಲ್ಲ’. ‘ಕಾಮಾಲೆ, ಊರಿಗೆ’. ‘ಊರಿಗೆ ಹೋದವನು ಬರಲಿಲ್ಲ’. ಒಬ್ಬ ಹುಡುಗ ಮೂರು ಸಲ ಬಿಟ್ಟು ಮೂರು ಸಲ ಸೇರಿದ್ದ. ಮೂರನೆಯ ಸಲದ ಷರಾ ‘ಮ್ಯಾಟ್ರಿಕ್ ಪಾಸು’. ಆ ಎರಡು ಶಬ್ದಗಳಿಗೆ ಗುರುಗಳು ಕೆಂಪು ಶಾಯಿ ಬಳಸಿದ್ದರು.

ಎಲ್ಲರನ್ನೂ ಹತ್ತಿರ ಕರೆದು ಒಂದು ಪುಟ ಪೂರ್ತಿ ಓದಿದೆ, ಒಂದೊಂದು ಸಾಲನ್ನೂ ಮರಾಠಿಯಲ್ಲಿ ಹೇಳುತ್ತ. ಗಂಟಲು ಕಟ್ಟಿ ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. ‘ಸೇರಿದ ದಿನ, 13 ಜೂನ್ 1966’ ಎಂದಾಗ, ಹಿಂದಿನ ದಿನ ಅಳಿಸುವ ಯಾದಿಯ ಬಗ್ಗೆ ಕೇಳಿದ್ದ ಅದೇ ಹುಡುಗಿ ತಟಕ್ಕನೆ, ‘ತೇರಾ ಆಕ್ಟೋಬರ್ ಸದುಸಷ್ಟ!’ ಅಂದಳು.

ಅಲ್ಲಿದ್ದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮಹಾರಾಷ್ಟ್ರದಲ್ಲಿ ಹಿಂದುಳಿದ ವರ್ಗದ ಜಾತಿ ಪ್ರಮಾಣಪತ್ರ ಬೇಕಾದರೆ ಮನೆತನ 1967ರ ಅಕ್ಟೋಬರ್ 13ಕ್ಕಿಂತ ಮೊದಲೇ ಈ ರಾಜ್ಯದಲ್ಲಿತ್ತು ಎಂದು ತೋರಿಸಬೇಕು. ಪರಿಶಿಷ್ಟ ಜಾತಿಯವರಿಗೆ ಅದು 1950ರ ಆಗಸ್ಟ್ 10, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21. ಮುಂಬಯಿ ಕನ್ನಡಿಗರ ಮನೆಗಳಲ್ಲಿ ಕಾಲೇಜಿಗೆ ಸೇರುವ ವಯಸ್ಸಿನ ಮಕ್ಕಳಿದ್ದರೆ ಈ ತಾರೀಖು ಬಾಯಿಪಾಠ. ಹೋಟೆಲಿನ ಮಾಳಿಗೆಯಲ್ಲಿ ಮಲಗುತ್ತಿದ್ದ ಹುಡುಗನ ಹೆಸರಿಗೆ ಆಗ ಬಾಡಿಗೆ ಪಾವತಿ ಇಲ್ಲ, ಪಡಿತರ ಚೀಟಿ ಇಲ್ಲ, ಲೈಟು ಬಿಲ್ಲು ಇಲ್ಲ. ಅಜ್ಜ ಮುಂಬಯಿಯಲ್ಲಿದ್ದರು, ಇಂಥ ಜಾತಿಯವರು, ಇಂಥ ದಿನ ಹುಟ್ಟಿದವರು ಎಂದು ಮೂರನ್ನೂ ಒಂದೇ ಸಾಲಿನಲ್ಲಿ ಹೇಳುವ ಕಾಗದ ರಾತ್ರಿಶಾಲೆಯ ಈ ರಜಿಸ್ಟರು ಬಿಟ್ಟರೆ ಬೇರೆ ಎಲ್ಲಿ ಸಿಗಬೇಕು? ಶಾಲೆಯ ಜನರಲ್ ರಜಿಸ್ಟರು ಕಾಯಂ ದಾಖಲೆ, ‘ಅ’ ವರ್ಗ. ಅದು ಒಂದು ವರ್ಷದ ಕಾಗದವೆಂದು ಬಾಗಿಲ ಬಳಿ ಕೂತಿತ್ತು.

ಚೀಟಿ ಬರೆದಿದ್ದ ಕಾರಕೂನ ನಮ್ಮ ನಡುವೆಯೇ ಇದ್ದ. ವಿದರ್ಭದ ಹುಡುಗ, ಇಪ್ಪತ್ತೇಳು ಇಪ್ಪತ್ತೆಂಟರವನು. ಯಾರೂ ಕೇಳುವ ಮೊದಲೇ ಮುಂದೆ ಬಂದು, ತೆಲುಗು ಅಂದುಕೊಂಡಿದ್ದೆ, ಇಬ್ಬರು ಮೂವರಿಗೆ ತೋರಿಸಿದೆ, ಯಾರಿಗೂ ಓದಲು ಬರಲಿಲ್ಲ, ಶಾಲೆ ಯಾವುದೆಂದೂ ತಿಳಿಯಲಿಲ್ಲ, ಮೋಹಿಮೆಯ ಗಡುವು ಇತ್ತು ಎಂದ. ಅವನ ಮುಖದ ಮೇಲೆ ಬೆವರಿತ್ತು. ಅವನನ್ನು ಬೈಯುವ ಮನಸ್ಸು ನನಗೆ ಬರಲಿಲ್ಲ. ಕೇಂದ್ರದ ಕಚೇರಿಗಳಲ್ಲಿ 2021ರಿಂದ ಪ್ರತಿ ಅಕ್ಟೋಬರಿನಲ್ಲಿ, ರಾಜ್ಯದ ಕಚೇರಿಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ, ಹಳೆಯ ಕಾಗದ ತೆರವು ಮಾಡುವ ಮೋಹಿಮೆ ನಡೆಯುತ್ತದೆ. ಅದು ಬೇಕು. ಬೇಡದ ಕಾಗದ ಬೇಕಾದ ಕಾಗದವನ್ನು ಮುಚ್ಚಿಹಾಕುತ್ತದೆ. ಆದರೆ ಎಷ್ಟು ಕಾಗದ ಹೋಯಿತು ಎಂದು ಕೇಳುವವರು, ಹೋಗುವ ಮೊದಲು ಅದನ್ನು ಓದಿದವರು ಯಾರು ಎಂದು ಕೇಳುವುದಿಲ್ಲ. ನನ್ನ ಸಿಟ್ಟು ಅದರ ಮೇಲೆ. ಕೇಂದ್ರದ ಕಾಯ್ದೆಯಲ್ಲಿ 25 ವರ್ಷ ದಾಟಿದ ದಾಖಲೆಯನ್ನು ಪುರಾಭಿಲೇಖಾಗಾರದ ಜೊತೆ ಕೂತು ಪರಿಶೀಲಿಸಬೇಕೆಂದು ಇಟ್ಟಿರುವುದು, 1892ಕ್ಕಿಂತ ಹಿಂದಿನದನ್ನು ಯಾವ ಉಪಯೋಗಕ್ಕೂ ಬಾರದಷ್ಟು ಹಾಳಾಗಿದ್ದರೆ ಹೊರತು ಮುಟ್ಟಕೂಡದೆಂದು ಇಟ್ಟಿರುವುದು ಇದಕ್ಕೇ.

ಮೂರನೆಯ ದಿನದ ಪಾಠಕ್ಕೆ ನಾನು ಬೇರೆ ತಯಾರಿ ಮಾಡಲಿಲ್ಲ. ಆ ಗಂಟನ್ನೇ ಇಟ್ಟುಕೊಂಡು ಎಲ್ಲರೂ ಸೇರಿ ಮರುವರ್ಗೀಕರಣದ ಟಿಪ್ಪಣಿ ಬರೆದೆವು. ಮೊದಲು ಪುಟಗಳಿಗೆ ಪೆನ್ಸಿಲಿನಲ್ಲಿ ನಂಬರು. ಗೆದ್ದಲು ಹಿಡಿದ ಎರಡನ್ನು ಬೇರೆ ಕಾಗದದಲ್ಲಿ ಸುತ್ತಿ, ಎಷ್ಟು ಪುಟ ಓದಲು ಬರುವುದಿಲ್ಲ ಎಂದು ಪಂಚನಾಮೆ. ಆಮೇಲೆ ಫೇರಿಸ್ತು, ಅಂದರೆ ವಿವರಪಟ್ಟಿ: ಶಾಲೆಯ ಹೆಸರು ಮೂಲ ಲಿಪಿಯಲ್ಲೂ ದೇವನಾಗರಿಯಲ್ಲೂ, ಯಾವ ನಂಬರಿನಿಂದ ಯಾವ ನಂಬರಿನವರೆಗೆ, ಯಾವ ವರ್ಷಗಳು, ಯಾವ ಭಾಷೆ. ‘ಭಾಷೆ ಮತ್ತು ಲಿಪಿ’ ಎನ್ನುವ ಕಾಲಂ ಅವರ ಯಾವ ನಮೂನೆಯಲ್ಲೂ ಇರಲಿಲ್ಲ. ಸ್ಕೇಲಿನಿಂದ ಗೆರೆ ಎಳೆದು ಸೇರಿಸಿದವನು ಆ ವಿದರ್ಭದ ಹುಡುಗನೇ. ಕೊನೆಗೆ ನಾಶಕ್ಕೆ ಇಟ್ಟಿದ್ದ ಉಳಿದ ಗಂಟುಗಳನ್ನೂ ಬಿಚ್ಚಿ ಓದಿ ಮುಗಿಯುವವರೆಗೆ ಚೂರು ಮಾಡುವುದನ್ನು ನಿಲ್ಲಿಸಬೇಕು ಎಂದು ಒಂದು ಪ್ಯಾರಾ.

ಟಿಪ್ಪಣಿ ಮೇಲಿನ ಟೇಬಲ್ಲಿಗೆ ಹೋದಾಗ ತಕರಾರು ಬಂತು. ಶಾಲೆಯೇ ಬಂದ್ ಆಗಿದೆ, ಓದುವವರಿಲ್ಲ, ಕೇಳುವವರಿಲ್ಲ, ಕಪಾಟಿನಲ್ಲಿ ಜಾಗ ಎಲ್ಲಿದೆ ಎಂದು ಷರಾ ಬರೆದು ವಾಪಸ್ ಕಳಿಸಿದರು. ನಾನು ಹೊರಗಿನವಳು, ಆಗ್ರಹ ಮಾಡುವ ಅಧಿಕಾರ ಇಲ್ಲ. ಉತ್ತರ ಬರೆದದ್ದು ಆ ಕಚೇರಿಯ ಅಭಿಲೇಖ ಅಧಿಕಾರಿ. ಹುಡುಕಿಕೊಂಡು ಜನ ಬರದಿರುವುದಕ್ಕೆ ಕಾರಣ, ಇಂಥದ್ದೊಂದು ಇಲ್ಲಿದೆ ಎಂದು ನಮ್ಮ ಯಾವ ಯಾದಿಯಲ್ಲೂ ಬರೆಯದೇ ಇದ್ದದ್ದು ಎಂದು ಬರೆದರು. ಮಾಹಿತಿ ಹಕ್ಕಿನ 4(1)(ಎ) ಕಲಮಿನಂತೆ ದಾಖಲೆಗಳನ್ನು ಸೂಚಿ ಸಮೇತ ಇಡಬೇಕಾದದ್ದು ಕಚೇರಿಯ ಕರ್ತವ್ಯ ಎಂದೂ ಸೇರಿಸಿದರು. ಇಷ್ಟು ನೆಟ್ಟಗೆ ಬರೆಯುವವರು ಕಚೇರಿಗಳಲ್ಲಿ ಇದ್ದಾರೆ ಎನ್ನುವುದೇ ನನಗೆ ಧೈರ್ಯ. ಮಂಜೂರಿ ಬರಲು ಏಳು ವಾರ ಹಿಡಿಯಿತು. ಆ ಏಳು ವಾರವೂ ಗಂಟು ತನ್ನ ಟೇಬಲ್ಲಿನ ಕೆಳಗೇ ಇತ್ತು, ರಾತ್ರಿ ಬೀಗ ಹಾಕುವಾಗ ಒಂದು ಸಲ ಮುಟ್ಟಿ ನೋಡಿಯೇ ಹೋಗುತ್ತಿದ್ದೆ ಎಂದು ಮಾಮಾ ಆಮೇಲೆ ಹೇಳಿದರು.

ಈಗ ಅದು ಎಡಗಡೆಯ ಮೂರನೇ ಕಪಾಟಿನಲ್ಲಿದೆ, ಹೊಸ ಕೆಂಪು ಬಟ್ಟೆಯಲ್ಲಿ. ವಾರಕ್ಕೊಮ್ಮೆ ನಾನು ಹೋಗಿ ಹೆಸರುಗಳ ಸೂಚಿ ಮಾಡುತ್ತಿದ್ದೇನೆ. ನಾನು ಓದಿ ಹೇಳುತ್ತೇನೆ, ಆ ವಿದರ್ಭದ ಹುಡುಗ ದೇವನಾಗರಿಯಲ್ಲಿ ಬರೆಯುತ್ತಾನೆ, ಮಾಮಾ ಪುಟ ತಿರುವುತ್ತಾರೆ. 1967ರ ದಸರೆಯವರೆಗೆ ಬಂದಿದ್ದೇವೆ.

ಹೋದ ಮಂಗಳವಾರ ಸೂಚಿ ಮಾಡುತ್ತ ಕೂತಿದ್ದಾಗ ತರಬೇತಿಗೆ ಬಂದಿದ್ದ ಆ ಹುಡುಗಿಯ ಫೋನು ಬಂತು, ಅವಳ ಕಚೇರಿಯ ದಫ್ತರದೊಳಗಿಂದ. ‘ಮೇಡಂ, ಇಲ್ಲೊಂದು ಗಂಟು ಇದೆ, ಉರ್ದುವೋ ಫಾರಸಿಯೋ ಗೊತ್ತಾಗುತ್ತಿಲ್ಲ. ಓದುವವರು ಸಿಗುವವರೆಗೆ ಐದನೇ ಗಂಟಿನಲ್ಲೇ ಇಡಲಾ?’

ಇಡು ಎಂದೆ. ಲಿಪಿಯ ಕಾಲಂ ಖಾಲಿ ಬಿಟ್ಟು ಪುಟಗಳಿಗೆ ಪೆನ್ಸಿಲಿನಲ್ಲಿ ನಂಬರು ಹಾಕು, ಶುಕ್ರವಾರ ನಾನೇ ಬರುತ್ತೇನೆ, ಓದುವವರನ್ನು ಅಷ್ಟರಲ್ಲಿ ಹುಡುಕೋಣ ಎಂದೆ.